ಓದುವ ಮಗು, ಕೇಳುವ ನಾಯಿ

ಓದಲು ಕಲಿಯುತ್ತಿರುವ ಮಗುವಿನ ಪಕ್ಕದಲ್ಲಿ ಪಳಗಿದ ನಾಯಿಯೊಂದನ್ನು ಕೂರಿಸಿ, ಅದಕ್ಕೆ ಕೇಳಿಸುವಂತೆ ಮಗುವಿನಿಂದ ಗಟ್ಟಿಯಾಗಿ ಓದಿಸುವ ಪದ್ಧತಿ ಹಲವು ದೇಶಗಳ ಶಾಲೆ, ಗ್ರಂಥಾಲಯಗಳಲ್ಲಿ ಕಾಲು ಶತಮಾನದಿಂದ ನಡೆದುಬಂದಿದೆ. ನಾಯಿ ಇಲ್ಲಿ ಪಾಠ ಹೇಳುವುದಿಲ್ಲ, ಆಟದ ಸಾಮಾನೂ ಅಲ್ಲ. ಅದು ಸುಮ್ಮನೆ ಮಲಗಿ ಕೇಳಿಸಿಕೊಳ್ಳುತ್ತದೆ. ಮಗು ತಡವರಿಸಿದರೆ ನಗುವುದಿಲ್ಲ, ತಪ್ಪು ಓದಿದರೆ ನಡುವೆ ಬಾಯಿ ಹಾಕುವುದಿಲ್ಲ, ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ಬೇಸರ ತೋರಿಸುವುದಿಲ್ಲ. ಓದು ಎಂದರೆ ಹೆದರುವ ಮಗುವಿಗೆ ಇಂಥ ಕೇಳುಗ ಸಿಗುವುದು ದೊಡ್ಡ ವಿಷಯ.

ಈ ಕೆಲಸಕ್ಕೆ ಬರುವ ನಾಯಿಗಳನ್ನು ಥೆರಪಿ ನಾಯಿಗಳೆನ್ನುತ್ತಾರೆ. ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿ ಬೇರೆ, ಪೊಲೀಸ್ ಇಲಾಖೆಯ ಶ್ವಾನದಳ ಬೇರೆ. ಅವು ಒಂದು ನಿರ್ದಿಷ್ಟ ಕೆಲಸಕ್ಕಾಗಿ ತಿಂಗಳುಗಟ್ಟಲೆ ತರಬೇತಿ ಪಡೆದವು. ಥೆರಪಿ ನಾಯಿ ಸಾಮಾನ್ಯವಾಗಿ ಯಾರದೋ ಮನೆಯ ಸಾಕುನಾಯಿ. ಅಪರಿಚಿತರು ಮುಟ್ಟಿದರೂ, ಮಕ್ಕಳು ಕಿರುಚಿದರೂ, ಪಕ್ಕದಲ್ಲಿ ಪಾತ್ರೆ ಬಿದ್ದು ಸದ್ದಾದರೂ ಗಾಬರಿಯಾಗದ ಸ್ವಭಾವ ಅದಕ್ಕಿರಬೇಕು. ಆ ಸ್ವಭಾವವನ್ನು ಪರೀಕ್ಷೆ ಮಾಡಿ, ಪಶುವೈದ್ಯರಿಂದ ಆರೋಗ್ಯ ತಪಾಸಣೆ ಮಾಡಿಸಿ, ನಾಯಿ ಮತ್ತು ಅದರ ಒಡೆಯ ಇಬ್ಬರಿಗೂ ಒಟ್ಟಿಗೇ ತರಬೇತಿ ಕೊಟ್ಟ ಮೇಲೆ ಆಸ್ಪತ್ರೆ, ವೃದ್ಧಾಶ್ರಮ, ಶಾಲೆಗಳಿಗೆ ಕಳಿಸುತ್ತಾರೆ. ಒಡೆಯ ಜೊತೆಗಿಲ್ಲದೆ ನಾಯಿ ಎಲ್ಲಿಗೂ ಹೋಗುವುದಿಲ್ಲ.

ನಾಯಿಯ ಸಾನ್ನಿಧ್ಯದಿಂದ ಮಕ್ಕಳ ಮಾತು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಮೊದಲು ಗಂಭೀರವಾಗಿ ಬರೆದವರು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಯಾರೊಂದಿಗೂ ಬೆರೆಯದ ಬಾಲಕನೊಬ್ಬನನ್ನು ಹೆತ್ತವರು ನಿಗದಿಯಾದ ಹೊತ್ತಿಗಿಂತ ಮುಂಚೆಯೇ ಅವರಲ್ಲಿಗೆ ಕರೆತಂದಿದ್ದರು. ಅಲ್ಲೇ ಇದ್ದ ಅವರ ನಾಯಿ ಜಿಂಗಲ್ಸ್ ಓಡಿಹೋಗಿ ಹುಡುಗನನ್ನು ನೆಕ್ಕಿತು. ಹುಡುಗ ಹಿಂದೆ ಸರಿಯುವ ಬದಲು ಅದನ್ನು ತಬ್ಬಿಕೊಂಡ. ಮುಂದಿನ ಭೇಟಿಗಳಲ್ಲಿ ಮೊದಲು ನಾಯಿಯ ಜೊತೆ, ನಿಧಾನಕ್ಕೆ ವೈದ್ಯರ ಜೊತೆ ಅವನ ಒಡನಾಟ ಬೆಳೆಯಿತು. ಇಂಥ ಅನುಭವಗಳನ್ನು ಲೆವಿನ್ಸನ್ 1962ರಲ್ಲಿ ಒಂದು ಲೇಖನವಾಗಿಯೂ, 1969ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು. ಆಗ ಅವರ ಸಹೋದ್ಯೋಗಿಗಳಲ್ಲಿ ಹಲವರು ಇದನ್ನು ಹಗುರವಾಗಿ ಕಂಡರು. ಆದರೆ 1983ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಲೆವಿನ್ಸನ್‌ರ ಮಾತಿಗೆ ದೇಹದ ಸಾಕ್ಷ್ಯವನ್ನೂ ಒದಗಿಸಿತು. ಗಟ್ಟಿಯಾಗಿ ಓದುವಾಗ ಮಕ್ಕಳ ರಕ್ತದ ಒತ್ತಡ ಏರುತ್ತದೆ. ಕೋಣೆಯಲ್ಲಿ ಸ್ನೇಹದ ನಾಯಿಯೊಂದು ಇದ್ದರೆ ಆ ಒತ್ತಡ ಕಡಿಮೆ ಇರುತ್ತದೆ ಎಂದು ಅವರು ಅಳೆದು ತೋರಿಸಿದರು.

ಓದಿಗೆಂದೇ ನಾಯಿಗಳನ್ನು ಬಳಸುವ ವ್ಯವಸ್ಥಿತ ಕಾರ್ಯಕ್ರಮ ಆರಂಭವಾದದ್ದು 1999ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್ ಎಂಬ ಸಂಸ್ಥೆಯ ಸ್ಯಾಂಡಿ ಮಾರ್ಟಿನ್ ದಾದಿಯಾಗಿ ಕೆಲಸ ಮಾಡಿದವರು. ಆಸ್ಪತ್ರೆಯಲ್ಲಿ ರೋಗಿಗಳನ್ನು ಹಗುರಗೊಳಿಸುವ ನಾಯಿ ಓದಲು ಕಷ್ಟಪಡುವ ಮಕ್ಕಳನ್ನೂ ಹಗುರಗೊಳಿಸಬಾರದೇಕೆ ಎಂದು ಅವರಿಗೆ ಹೊಳೆಯಿತು. ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲ ಪ್ರಯೋಗ ನಡೆಯಿತು. ಅವರ ಸ್ವಂತ ನಾಯಿ ಒಲಿವಿಯಾ ಮೊದಲ ಕೇಳುಗರಲ್ಲೊಂದು. ಗ್ರಂಥಾಲಯದಲ್ಲಿ ಮಕ್ಕಳು ಮುಗಿಬಿದ್ದದ್ದನ್ನು ಕಂಡು ಮರುವರ್ಷ ಶಾಲೆಗೂ ಕೊಂಡೊಯ್ದರು. ರೀಡ್ ಎಂಬ ಚುಟುಕು ಹೆಸರಿನ ಆ ಕಾರ್ಯಕ್ರಮ ಅಲ್ಲಿಂದ ಹಲವು ದೇಶಗಳಿಗೆ ಹಬ್ಬಿತು. ಬ್ರಿಟನ್, ಫಿನ್ಲೆಂಡ್, ಕೆನಡಾ ಮುಂತಾದ ಕಡೆ ಅದರದೇ ಮಾದರಿಯ ಬೇರೆ ಕಾರ್ಯಕ್ರಮಗಳೂ ಹುಟ್ಟಿಕೊಂಡವು. ಈಗ ಅಮೆರಿಕದ ಎಷ್ಟೋ ಊರುಗಳ ಗ್ರಂಥಾಲಯಗಳಲ್ಲಿ ನಾಯಿಗೆ ಓದಿ ಹೇಳುವ ದಿನ ಎಂಬುದು ವಾಡಿಕೆಯ ಮಾತು. ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಇದು ಹೊಸತಲ್ಲ.

ಒಂದು ಓದಿನ ಕೂಟ ಹೀಗೆ ಸಾಗುತ್ತದೆ. ತರಗತಿಯ ಗದ್ದಲದಿಂದ ದೂರ, ಒಂದು ಮೂಲೆಯಲ್ಲಿ ಜಮಖಾನೆ ಹಾಸುತ್ತಾರೆ. ನಾಯಿ ಮಲಗುತ್ತದೆ, ಪಕ್ಕದಲ್ಲಿ ಅದರ ಒಡೆಯ ಕೂರುತ್ತಾರೆ, ಎದುರಿಗೆ ಮಗು. ಒಂದು ಹೊತ್ತಿಗೆ ಒಂದೇ ಮಗು. ಪುಸ್ತಕವನ್ನು ಮಗುವೇ ಆರಿಸಿಕೊಳ್ಳುತ್ತದೆ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಓದು. ವಾರಕ್ಕೊಮ್ಮೆ ಅದೇ ನಾಯಿ, ಅದೇ ಒಡೆಯ ಬರುತ್ತಾರೆ. ಪರಿಚಯ ಗಟ್ಟಿಯಾದಷ್ಟೂ ದನಿ ಗಟ್ಟಿಯಾಗುತ್ತದೆ. ನಾಯಿ ದಣಿದರೆ ಕೂಟ ಅಲ್ಲಿಗೇ ನಿಲ್ಲುತ್ತದೆ. ಪದೇ ಪದೇ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸುವುದು ನಾಯಿಗೆ ಸಾಕಾಗಿದೆ ಎಂಬುದರ ಗುರುತು. ಇದನ್ನು ಗುರುತಿಸಲು ಬಾರದ ಒಡೆಯ ಈ ಕೆಲಸಕ್ಕೆ ತಕ್ಕವನಲ್ಲ.

ಇಡೀ ಪದ್ಧತಿಯಲ್ಲಿ ಅತ್ಯಂತ ಜಾಣತನದ ಭಾಗ ತಿದ್ದುವ ಕ್ರಮ. ಮಗು ಒಂದು ಶಬ್ದದ ಹತ್ತಿರ ಬಂದು ನಿಂತುಬಿಟ್ಟಿತು ಎನ್ನಿ. ಒಡೆಯ ಅದನ್ನು ತಾನೇ ಹೇಳಿಕೊಡುವುದಿಲ್ಲ, ತಪ್ಪು ಎನ್ನುವುದಿಲ್ಲ. ನಾಯಿಯ ಪರವಾಗಿ ಮಾತಾಡುತ್ತಾರೆ. ರಾಣೆಬೆನ್ನೂರಿನ ಮಾತಿನಲ್ಲಿ ಹೇಳುವುದಾದರೆ, "ಈ ಶಬ್ದ ಟಾಮಿಗೆ ತಿಳೀಲಿಲ್ಲಂತ, ಇನ್ನೊಮ್ಮೆ ನಿಧಾನಕ ಓದಿ ಹೇಳ್ತೀಯೇನ?" ಎಂದು ಕೇಳಿದ ಹಾಗೆ. ಆ ಕ್ಷಣಕ್ಕೆ ತಿಳಿಯದವನು ಮಗುವಲ್ಲ, ನಾಯಿ. ಮಗು ಕಲಿಸುವ ಸ್ಥಾನಕ್ಕೆ ಏರುತ್ತದೆ. ಚಿತ್ರ ತೋರಿಸುತ್ತದೆ, ಅಕ್ಷರ ಬಿಡಿಸಿ ಹೇಳುತ್ತದೆ, ಹೇಳುತ್ತಾ ಹೇಳುತ್ತಾ ತಾನೇ ಕಲಿಯುತ್ತದೆ. ತರಗತಿಯಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವ ಮಗುವಿಗೆ ಇದು ಬಹುಶಃ ಮೊತ್ತಮೊದಲ ಬಾರಿಗೆ ದಕ್ಕುವ ಗೌರವ.

ಈ ಗೌರವ ಏಕೆ ಮುಖ್ಯ ಎಂಬುದು ಕನ್ನಡ ಓದು ಕಲಿಯುವ ದಾರಿಯನ್ನು ನೋಡಿದರೆ ತಿಳಿಯುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಗುರುತು ಮಗುವಿಗೆ ಒಂದು ವರ್ಷದೊಳಗೆ ಸಿಕ್ಕಿಬಿಡುತ್ತದೆ. ಕನ್ನಡದಲ್ಲಿ ವರ್ಣಮಾಲೆ ಮುಗಿದ ಮೇಲೆ ಕಾಗುಣಿತ ಶುರುವಾಗುತ್ತದೆ, ರೂಪಗಳ ಸಂಖ್ಯೆ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಬಹುಕಾಲ ಕೆಲಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಜ್ಞಾನ ಒಂದನೇ ತರಗತಿಯಲ್ಲಿ ಮುಗಿಯದೆ ಮೂರು, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿತು. ಅಂದರೆ ಕನ್ನಡದ ಮಗು ತಡವರಿಸುವ ಕಾಲ ಸಹಜವಾಗಿಯೇ ಉದ್ದ. ಎರಡನೇ ತರಗತಿಯಲ್ಲಿ 'ಸ್ವಾತಂತ್ರ್ಯ' ಎಂಬ ಶಬ್ದದ ಮುಂದೆ ನಿಂತ ಮಗು ದಡ್ಡ ಮಗುವಲ್ಲ. ಅದರ ಹಾದಿ ಇನ್ನೂ ಮುಗಿದಿಲ್ಲ, ಅಷ್ಟೇ.

ಹಾವೇರಿ ಜಿಲ್ಲೆಯ ಐರಣಿ, ಮೇಡ್ಲೇರಿ ಸುತ್ತಿನ ಹಳ್ಳಿಗಳ ಮಗುವಿಗೆ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಮನೆಯಲ್ಲಿ ಅದು ಕೇಳುವುದು 'ಹೋಗ್ಯಾನ', 'ಬಂದೈತಿ', 'ಮಾಡಾಕತ್ತಾರ'. ಪುಸ್ತಕದಲ್ಲಿ ಕಾಣುವುದು 'ಹೋಗಿದ್ದಾನೆ', 'ಬಂದಿದೆ', 'ಮಾಡುತ್ತಿದ್ದಾರೆ'. ಅರ್ಥ ತಿಳಿದು ಓದುವ ಜಾಣ ಮಗು ಪುಸ್ತಕದ ಮಾತನ್ನು ತನ್ನ ಮನೆಯ ಮಾತಿಗೆ ತಿರುಗಿಸಿ ಓದಿಬಿಡುತ್ತದೆ. ಅಲ್ಲಿ ನಿಜವಾದ ಓದು ನಡೆದಿದೆ, ಆದರೂ ಅದಕ್ಕೆ ಸಿಗುವುದು ತಿದ್ದುಪಡಿ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಕ್ಕಳ ಪಾಡು ಇದಕ್ಕಿಂತ ಕಠಿಣ. ನಾಲ್ಕು ಸಲ ತಿದ್ದಿಸಿಕೊಂಡ ಮಗು ಐದನೇ ಸಲ ಬಾಯಿ ತೆರೆಯುವುದಿಲ್ಲ. ಶಿಕ್ಷಕರನ್ನು ದೂರುವುದೂ ಸರಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರ ಮುಂದೆ ಕೂರುತ್ತಾರೆ. ಮೂವತ್ತು ಮಕ್ಕಳಿರುವ ಕೋಣೆಯಲ್ಲಿ ನಲವತ್ತು ನಿಮಿಷದ ಅವಧಿಯನ್ನು ಹಂಚಿದರೆ ಒಂದು ಮಗುವಿನ ಓದು ಕೇಳಲು ಸಿಗುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಕೇಳುವ ಕಿವಿಯ ಈ ಕೊರತೆಯೇ ಮೂಲ ಸಮಸ್ಯೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2022ರಲ್ಲಿ ಶೇ. 20.5, 2024ರಲ್ಲಿ ಶೇ. 27.1 ಇದ್ದರು. ಕರ್ನಾಟಕದ ಪ್ರಮಾಣ ಇದಕ್ಕಿಂತ ಕೆಳಗಿದೆ.

ನಾಯಿಗೆ ಓದಿ ಹೇಳಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆಯೇ? ಈ ಪ್ರಶ್ನೆಗೆ ಸಿಕ್ಕ ಉತ್ತರಗಳು ಒಂದೇ ದಿಕ್ಕಿಗೆ ಇಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರ ನಡೆಸಿದ ಚಿಕ್ಕ ಅಧ್ಯಯನದಲ್ಲಿ, ಹತ್ತು ವಾರ ನಾಯಿಗೆ ಓದಿ ಹೇಳಿದ ಮೂರನೇ ತರಗತಿಯ ಮಕ್ಕಳ ಓದಿನ ಸರಾಗತೆ ಶೇ. 12ರಷ್ಟು ಹೆಚ್ಚಿತು. ಮನೆಯಲ್ಲೇ ಕಲಿಯುವ ಮಕ್ಕಳಲ್ಲಿ ಆ ಹೆಚ್ಚಳ ಶೇ. 30. ಪತ್ರಿಕೆಗಳು ಈ ಅಂಕಿಗಳನ್ನು ಮತ್ತೆ ಮತ್ತೆ ಎತ್ತಿ ಹಾಡಿದವು. ಆದರೆ 2017ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದವರು ಎರಡನೇ ತರಗತಿಯ ಮಕ್ಕಳೊಂದಿಗೆ ಆರು ವಾರ, ವಾರಕ್ಕೆ ಮೂವತ್ತು ನಿಮಿಷದಂತೆ ನಡೆಸಿದ ಅಧ್ಯಯನದಲ್ಲಿ ಓದಿನ ಕೌಶಲ ನಾಯಿಗೆ ಓದಿದವರು, ಓದದವರು ಎರಡೂ ಗುಂಪಿನಲ್ಲಿ ಹೆಚ್ಚು ಬದಲಾಗಲಿಲ್ಲ. ಬದಲಾದದ್ದು ಶಾಲೆಯ ಓದಿನ ಬಗೆಗಿನ ಮಕ್ಕಳ ಮನೋಭಾವ. ನಾಯಿಗೆ ಓದಿದವರಲ್ಲಿ ಅದು ಸುಧಾರಿಸಿತು. 2019ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದರಿಂದ ಮೂರನೇ ತರಗತಿಯ 17 ಮಕ್ಕಳಿಗೆ ಅವರ ಮಟ್ಟಕ್ಕಿಂತ ತುಸು ಕಷ್ಟದ ಪಾಠ ಕೊಟ್ಟು ನೋಡಿದರು. ನಾಯಿ ಪಕ್ಕದಲ್ಲಿದ್ದಾಗ ಮಕ್ಕಳು ಹೆಚ್ಚು ಹೊತ್ತು ಓದಿದರು, ಕಷ್ಟ ಬಂದಾಗ ಬಿಟ್ಟು ಏಳಲಿಲ್ಲ.

ಅದಕ್ಕೂ ಮುಂಚೆ, ಅದುವರೆಗಿನ ಇಂಥ ಸಂಶೋಧನೆಗಳನ್ನು ಒಟ್ಟುಗೂಡಿಸಿ ಜರಡಿ ಹಿಡಿದದ್ದು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸೋಫಿ ಹಾಲ್ ಮತ್ತು ಸಂಗಡಿಗರು. 2016ರಲ್ಲಿ ಅವರು 48 ಅಧ್ಯಯನಗಳನ್ನು ಪರಿಶೀಲಿಸಿ, ಫಲಿತಾಂಶಗಳು ಆಶಾದಾಯಕವಾಗಿದ್ದರೂ ಪುರಾವೆಯ ಗುಣಮಟ್ಟ ಕೆಳಗಿದೆ ಎಂದು ತೀರ್ಮಾನಿಸಿದರು. ಬಹಳಷ್ಟು ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಹೋಲಿಸಿ ನೋಡಲು ಸರಿಯಾದ ಇನ್ನೊಂದು ಗುಂಪಿಲ್ಲ. ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಮಾತು ಹೇಳಬಹುದು: ನಾಯಿ ಅಕ್ಷರ ಕಲಿಸುವುದಿಲ್ಲ, ಅಕ್ಷರದ ಭಯ ಬಿಡಿಸುತ್ತದೆ. ಅಕ್ಷರ ಕಲಿಸುವ ಕೆಲಸ ಶಿಕ್ಷಕರದೇ. ಭಯ ಹೋದ ಮಗು ಹೆಚ್ಚು ಓದುತ್ತದೆ, ಹೆಚ್ಚು ಓದಿದ ಮಗು ಮುಂದೆ ಸರಾಗ ಓದುತ್ತದೆ. ಭಯ ಹೋಗುವ ಬಗೆಯೂ ಸ್ವಲ್ಪ ತಿಳಿದಿದೆ. ಆಂಡ್ರಿಯಾ ಬೀಟ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷೆಯಂಥ ಸನ್ನಿವೇಶಕ್ಕೆ ಒಡ್ಡಿದ ಹುಡುಗರ ಪಕ್ಕದಲ್ಲಿ ಕೆಲವರಿಗೆ ನಿಜವಾದ ನಾಯಿ, ಕೆಲವರಿಗೆ ಗೊಂಬೆ ನಾಯಿ, ಕೆಲವರಿಗೆ ಸ್ನೇಹದಿಂದಿರುವ ದೊಡ್ಡವರು ಇದ್ದರು. ಉದ್ವೇಗದ ಹಾರ್ಮೋನಾದ ಕಾರ್ಟಿಸಾಲ್ ನಿಜವಾದ ನಾಯಿ ಇದ್ದವರಲ್ಲಿ ಕಡಿಮೆ ಇತ್ತು. ನಾಯಿಯನ್ನು ಹೆಚ್ಚು ನೇವರಿಸಿದವರಲ್ಲಿ ಇನ್ನೂ ಕಡಿಮೆ.

ಭಾರತದಲ್ಲಿ ಈ ಕೆಲಸ ದೊಡ್ಡ ನಗರಗಳಾಚೆ ಹೆಚ್ಚು ಹಬ್ಬಿಲ್ಲ. ಮುಂಬೈಯ ಅನಿಮಲ್ ಏಂಜಲ್ಸ್ ಫೌಂಡೇಶನ್ ಶಾಲೆ, ಆಸ್ಪತ್ರೆಗಳಿಗೆ ಥೆರಪಿ ನಾಯಿಗಳನ್ನು ಕಳಿಸುವ ಸಂಸ್ಥೆಗಳಲ್ಲಿ ಹೆಸರಾದದ್ದು. ಕರ್ನಾಟಕಕ್ಕೆ ಹತ್ತಿರದ, ಹಳೆಯ ಉದಾಹರಣೆ ಚೆನ್ನೈಯದು. ಅಲ್ಲಿನ ಸಿ.ಪಿ. ರಾಮಸ್ವಾಮಿ ಅಯ್ಯರ್ ಪ್ರತಿಷ್ಠಾನದ ಸರಸ್ವತಿ ಕೇಂದ್ರ ಓದು-ಬರಹದ ತೊಡಕಿರುವ ಮಕ್ಕಳಿಗಾಗಿ ನಡೆಯುತ್ತಿರುವ ಕಲಿಕಾ ಕೇಂದ್ರ. ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್‌ನ ನೆರವಿನಿಂದ ಅಲ್ಲಿ ನಾಯಿಗಳು ಮಕ್ಕಳ ಕಲಿಕೆಯ ಭಾಗವಾದವು. ಬೆಂಗಳೂರಿನಲ್ಲೂ ಶಾಲೆ, ಕಾಲೇಜು, ಕಚೇರಿಗಳಿಗೆ ನಾಯಿಗಳನ್ನು ಕರೆದೊಯ್ಯುವ ಗುಂಪುಗಳಿವೆ. ಹಳ್ಳಿಯ ಸರ್ಕಾರಿ ಶಾಲೆಗಳ ಬಾಗಿಲಿಗೆ ಮಾತ್ರ ಇದು ಇನ್ನೂ ಬಂದಿಲ್ಲವೆಂದೇ ಹೇಳಬೇಕು.

ಹಾವೇರಿ ಜಿಲ್ಲೆಗೆ ನಾಯಿಯ ನಂಟು ಹೊಸದೇನಲ್ಲ. ತುಂಗಭದ್ರೆಯ ದಡದ ಐರಣಿಯಲ್ಲಿ ಕೋಟೆ, ಹೊಳೆಮಠಗಳಿರುವಂತೆ ಸುತ್ತೆಲ್ಲ ಕುರಿ ಸಾಕುವ, ಕಂಬಳಿ ನೇಯುವ ಮನೆಗಳಿವೆ. ಕುರಿಹಟ್ಟಿಗೆ ನಾಯಿ ಕಾವಲು. ರಾಣೆಬೆನ್ನೂರು ತಾಲ್ಲೂಕಿನದೇ ಆದ ದೇವರಗುಡ್ಡದ ಮಾಲತೇಶ, ಹೊಳೆಯಾಚೆಯ ಮೈಲಾರಲಿಂಗ ಇಬ್ಬರ ಆರಾಧನೆಯಲ್ಲೂ ನಾಯಿಗೆ ಸ್ಥಾನವಿದೆ. ಈ ದೇವರ ಭಕ್ತರಾದ ಗೊರವಪ್ಪಗಳು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಬೊಗಳುತ್ತಾ ದೋಣಿ ಎಂಬ ಪಾತ್ರೆಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಕರ್ನಾಟಕದ ಇತಿಹಾಸದಲ್ಲೇ ನಾಯಿಗೊಂದು ವೀರಗಲ್ಲಿನ ಗೌರವವುಂಟು. ಕ್ರಿ.ಶ. 949-50ರ ಆತಕೂರು ಶಾಸನ, ಕಾಡುಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಕಲ್ಲಿನಲ್ಲಿ ಉಳಿಸಿದೆ.

ಇದರ ಜೊತೆಗೇ ಇನ್ನೊಂದು ಸತ್ಯವನ್ನು ಮರೆಯುವಂತಿಲ್ಲ. ಈ ಭಾಗದ ಮಗುವಿಗೆ ಶಾಲೆಯ ಹಾದಿಯಲ್ಲಿ ಎದುರಾಗುವುದು ಬೀದಿನಾಯಿಯ ಹಿಂಡು. ಮನುಷ್ಯರಿಗೆ ತಗಲುವ ರೇಬಿಸ್ ಪ್ರಕರಣಗಳಲ್ಲಿ ಶೇ. 99ರವರೆಗೆ ನಾಯಿಯಿಂದಲೇ ಬರುತ್ತವೆ. ಬಲಿಯಾಗುವವರಲ್ಲಿ ಸುಮಾರು ಶೇ. 40 ಮಂದಿ ಹದಿನೈದು ತುಂಬದ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಿ ಆಶ್ರಯತಾಣಕ್ಕೆ ಸೇರಿಸಬೇಕೆಂದು ಆದೇಶಿಸಿತು. ಆದ್ದರಿಂದ ಶಾಲೆಗೆ ನಾಯಿ ಎಂದ ಕೂಡಲೇ ತಾಯಂದಿರಿಗೆ ಭಯವಾಗುವುದು ಸಹಜ, ನ್ಯಾಯವೂ ಹೌದು. ಬಿಸಿಯೂಟದ ವಾಸನೆಗೆ ಶಾಲೆಯ ಅಂಗಳಕ್ಕೆ ಬರುವ ನಾಯಿಯನ್ನು ಓದಿನ ಜೊತೆಗಾರನನ್ನಾಗಿ ಮಾಡಿಕೊಳ್ಳಲು ಹೊರಡುವುದು ಅಪಾಯದ ಕೆಲಸ. ಅದು ಎಷ್ಟೇ ಸಾಧುವಾಗಿ ಕಂಡರೂ ಸರಿ.

ಶಾಲೆಯೊಂದು ಇದನ್ನು ಮಾಡಬಯಸಿದರೆ ಕೆಲವು ಕಟ್ಟುಪಾಡುಗಳಲ್ಲಿ ರಿಯಾಯಿತಿ ಇರಬಾರದು. ನಾಯಿ ಒಂದು ವರ್ಷ ದಾಟಿರಬೇಕು, ಅದಕ್ಕೆ ಗೊತ್ತಾದ ಒಡೆಯನಿರಬೇಕು. ಪ್ರತಿವರ್ಷದ ರೇಬಿಸ್ ಲಸಿಕೆಯ ದಾಖಲೆ ಪಶು ಆಸ್ಪತ್ರೆಯಿಂದ ಬಂದಿರಬೇಕು. ಜಂತುಹುಳು, ಉಣ್ಣಿ, ಚರ್ಮರೋಗ ಇಲ್ಲವೆಂದು ಪಶುವೈದ್ಯರು ನೋಡಿರಬೇಕು. ಕುತ್ತಿಗೆಯ ಹಗ್ಗ ಒಡೆಯನ ಕೈಯಿಂದ ಬಿಡಬಾರದು, ಮಗು ಮತ್ತು ನಾಯಿಯನ್ನು ಒಂದು ನಿಮಿಷವೂ ಅವರಿಬ್ಬರನ್ನೇ ಬಿಡಬಾರದು. ಓದು ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಉಬ್ಬಸ, ಅಲರ್ಜಿ ಇರುವ ಮಕ್ಕಳನ್ನು ಮೊದಲೇ ಗುರುತಿಸಬೇಕು. ಪ್ರತಿ ಮಗುವಿನ ತಂದೆತಾಯಿಯ ಒಪ್ಪಿಗೆ ಬೇಕು. ನಾಯಿಯ ಜೊಲ್ಲು ತಾಕುವುದನ್ನು ಧರ್ಮದ ಕಾರಣಕ್ಕೆ ಒಪ್ಪದ ಮನೆಗಳಿವೆ, ಹಿಂದೆ ಕಚ್ಚಿಸಿಕೊಂಡು ಹೆದರಿದ ಮಕ್ಕಳಿದ್ದಾರೆ. ಅವರಿಗೆ ಬೇರೆ ಏರ್ಪಾಡು ಇರಬೇಕು, ಅವಮಾನ ಆಗಬಾರದು.

ಯಾವ ತಳಿ ಎಂಬ ಪ್ರಶ್ನೆಯೂ ಬರುತ್ತದೆ. ಹೊರದೇಶಗಳಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಹೆಚ್ಚು. ಕನ್ನಡಿಗರಿಗೆ ತಕ್ಷಣ ನೆನಪಾಗುವ ಮುಧೋಳ ನಾಯಿಯ ಮೇಲೆ 2005ರಲ್ಲಿ ಅಂಚೆಚೀಟಿ ಬಂದಿದೆ, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, ಸೇನೆಯೂ ಅದನ್ನು ತೆಗೆದುಕೊಂಡಿದೆ. ಆದರೆ ಅದು ಕಣ್ಣಿಗೆ ಕಂಡ ಬೇಟೆಯನ್ನು ಅಟ್ಟಿ ಓಡುವ ನಾಯಿ, ಅಪರಿಚಿತರಿಂದ ದೂರ ನಿಲ್ಲುವ ಜಾಯಮಾನದ್ದು. ಇಪ್ಪತ್ತು ನಿಮಿಷ ಹೊಸ ಮಕ್ಕಳ ಪಕ್ಕ ಮಲಗು ಎಂದು ಅದನ್ನು ಒತ್ತಾಯಿಸುವುದು ಅದಕ್ಕೂ ಹಿಂಸೆ. ಚಿಕ್ಕಂದಿನಿಂದ ಮನೆಯಲ್ಲಿ ಮಕ್ಕಳ ನಡುವೆ ಬೆಳೆದ ಸಾಧು ಸ್ವಭಾವದ ನಾಡುನಾಯಿ ಈ ಕೆಲಸಕ್ಕೆ ಚೆನ್ನಾಗಿ ಒಗ್ಗಬಲ್ಲದು. ತಳಿಗಿಂತ ಆ ಒಂದು ನಾಯಿಯ ಸ್ವಭಾವ ಮುಖ್ಯ.

ಓದಲು ಯಾವ ಪುಸ್ತಕ ಎಂಬುದು ಅಷ್ಟು ಕಷ್ಟದ ಮಾತಲ್ಲ. ಚಿತ್ರ ಹೆಚ್ಚು, ಸಾಲು ಕಡಿಮೆ ಇರುವ ಕಥೆಪುಸ್ತಕ ಚಿಕ್ಕವರಿಗೆ ಸಾಕು. ಸ್ವಲ್ಪ ದೊಡ್ಡವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ಬರುವ, ಕಿವಿ ಎಂಬ ನಾಯಿಯ ಪ್ರಸಂಗಗಳಿವೆ. ಪಠ್ಯಪುಸ್ತಕವನ್ನು ಮಾತ್ರ ಇಲ್ಲಿಗೆ ತರದಿರುವುದು ಒಳ್ಳೆಯದು. ಪರೀಕ್ಷೆಯ ನೆರಳು ಬಿದ್ದ ಪುಸ್ತಕ ಮಗುವಿನ ದನಿಯನ್ನು ಮತ್ತೆ ಕುಗ್ಗಿಸುತ್ತದೆ.

ಪಳಗಿದ ನಾಯಿ, ತರಬೇತಾದ ಒಡೆಯ ಇಬ್ಬರೂ ಸಿಗುವವರೆಗೆ ಹಳ್ಳಿಯ ಮಗು ಕಾಯಬೇಕಾಗಿಲ್ಲ. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಅವು ಅರಿವು ಕೇಂದ್ರಗಳಾಗಿವೆ, ಅಲ್ಲಿ ಪುಸ್ತಕಗಳಿವೆ. ಬೇಕಾದದ್ದು ಕೇಳುವವರು. ಅಕ್ಷರ ಬಾರದ ಅಜ್ಜಿ ಈ ಕೆಲಸಕ್ಕೆ ಬಹಳ ಯೋಗ್ಯಳು. ಆಕೆ ತಪ್ಪು ಹುಡುಕುವುದಿಲ್ಲ, ಮುಂದೇನಾತು ಎಂದು ಕಥೆಯನ್ನೇ ಕೇಳುತ್ತಾಳೆ. ಅಂಗನವಾಡಿಗೆ ಹೋಗುವ ತಮ್ಮನೋ ತಂಗಿಯೋ ಆದರೂ ಆದೀತು. ಅಕ್ಷರ ಬಲ್ಲ ಅಪ್ಪ, ಅವ್ವ, ಅಕ್ಕ ಕೂರುವುದಾದರೆ ಒಂದು ನಿಯಮ ಪಾಲಿಸಲಿ: ಮಗು ಓದಿ ಮುಗಿಸುವವರೆಗೆ ತಿದ್ದಬೇಡಿ. ಐರಣಿ, ಮೇಡ್ಲೇರಿ, ದೇವರಗುಡ್ಡ, ಬ್ಯಾಡಗಿ ಸುತ್ತಿನ ಓದುಗರು ಈ ವಾರವೇ ತಮ್ಮೂರಿನ ಗ್ರಂಥಾಲಯದಿಂದ ಒಂದು ತೆಳು ಕಥೆಪುಸ್ತಕ ತಂದು, ಮನೆಯ ಮಗುವಿನ ಎದುರು ಹತ್ತು ನಿಮಿಷ ಸುಮ್ಮನೆ ಕೂತು ಕೇಳಲಿ. ಮನೆಯಲ್ಲಿ ನಾಯಿ ಇದ್ದವರು ಅದಕ್ಕೂ ಮೊದಲು ಅದನ್ನು ಪಶು ಆಸ್ಪತ್ರೆಗೆ ಕರೆದೊಯ್ದು ರೇಬಿಸ್ ಲಸಿಕೆ ಹಾಕಿಸಲಿ.